ಟಿವಿಗೇ ಎದುರುತ್ತರ ಕೊಡುವವರು: ನಿಮ್ಮ ಮನೆಯಲ್ಲೂ ಇದ್ದಾರಾ?

ಶಿರಸಿ ಸೊಸೆ
ಶನಿವಾರ ರಾತ್ರಿ 9:52

ನಮ್ಮಲ್ಲಿ ಈಗ ಅಡಿಕೆ ಸುಲಿತ. ಊಟ ಮುಗಿಸಿ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಜಗಲಿಯಲ್ಲಿ ಕೂರುತ್ತೇವೆ. ಅತ್ತೆ, ನಾನು, ಸುಲಿಯಲು ಬರುವ ನಾಲ್ಕು ಜನ ಹೆಂಗಸರು. ಟಿವಿಯೂ ಒಳಗಿನಿಂದ ಜಗಲಿಗೆ ಬಂದಿದೆ. ಸುಲಿತ ಮುಗಿಯುವ ತನಕ ಅದರ ಜಾಗ ಅಲ್ಲೇ. ಕೈ ಅಡಿಕೆಯ ಮೇಲೆ, ಕಣ್ಣು ಕತ್ತಿಯ ಮೇಲೆ. ಹಾಗಾಗಿ ನಾವು ಟಿವಿ ನೋಡುವುದು ಕಡಿಮೆ, ಕೇಳುವುದೇ ಜಾಸ್ತಿ. ಸೀರಿಯಲ್ಲಿಗಿಂತ ಮಾತಿನ ಶೋ ನಮಗೆ ಅನುಕೂಲ. ಸೀರಿಯಲ್‌ನಲ್ಲಿ ಅರ್ಧ ಹೊತ್ತು ಬರೀ ಮ್ಯೂಸಿಕ್ಕು, ಒಬ್ಬೊಬ್ಬರ ಮುಖ ಮೂರು ಮೂರು ಸಲ. ತಲೆ ಎತ್ತದವರಿಗೆ ಏನೂ ತಿಳಿಯುವುದಿಲ್ಲ.

ನಮ್ಮ ಅತ್ತೆ ಮನೆಗೆ ಬಂದವರ ಹತ್ತಿರ ನಾಲ್ಕು ಮಾತು ಆಡಿದರೆ ಹೆಚ್ಚು. ಟಿವಿಯ ಹತ್ತಿರ ಮಾತ್ರ ಬಾಯಿ ಮುಚ್ಚುವುದಿಲ್ಲ. ಆಂಕರ್ ಕೇಳಿದ ಪ್ರಶ್ನೆಗೆ ಅತಿಥಿಗಿಂತ ಮೊದಲು ಇವರದ್ದೇ ಉತ್ತರ. ‘ಅದು ಸುಳ್ಳು ಹೇಳ್ತಾ ಇದ್ದು ನೋಡು’ ಅಂತ ನಡುವೆ ತೀರ್ಪು ಬೇರೆ. ಹದಿನೇಳು ವರ್ಷದಿಂದ ನೋಡುತ್ತಿದ್ದೇನೆ, ಇದನ್ನು ತಮಾಷೆ ಅಂತಲೇ ಅಂದುಕೊಂಡಿದ್ದೆ.

ಮೊನ್ನೆ, ಮನೆ ಜಗಳವನ್ನು ಟಿವಿಯಲ್ಲಿ ಕೂತು ಬಗೆಹರಿಸುವ ಒಂದು ಪಂಚಾಯ್ತಿ ಶೋದ ಹಳೇ ಕಂತು ಬಂತು. ಅಣ್ಣ ತಂಗಿ ಜಗಳ. ತವರಿನ ಜಮೀನಿನಲ್ಲಿ ತನಗೇನೂ ಬೇಡ ಅಂತ ತಂಗಿ ಸಹಿ ಹಾಕಬೇಕು, ಅವಳು ಹಾಕುವುದಿಲ್ಲ. ಅಣ್ಣ ಕೂಗಾಡುತ್ತಿದ್ದ. ಆ ಹುಡುಗಿ ಅಳಲು ಶುರು ಮಾಡಿದಳು. ಅತ್ತೆ ಸುಲಿಯುವುದನ್ನು ನಿಲ್ಲಿಸಿದರು. ‘ಸಹಿ ಹಾಕಡ ಕೂಸೇ’ ಅಂದರು. ಜೋರಾಗಿ ಅಲ್ಲ, ಪಕ್ಕದಲ್ಲಿ ಕೂತವಳಿಗೆ ಹೇಳಿದ ಹಾಗೆ. ಆಮೇಲೆ ಇನ್ನೊಂದು ಮಾತು: ಸಹಿ ಹಾಕಿದ ಮೇಲೆ ತವರಲ್ಲಿ ಚಹಾ ಕೊಡುತ್ತಾರೆ, ಊಟಕ್ಕೆ ನಿಲ್ಲು ಅನ್ನುವುದಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಲಲ್ಲಿ ಆರು ಜನ ಸುಮ್ಮನೆ ಕೂತಿದ್ದೆವು. ಸುಲಿಯಲು ಬಂದವರಲ್ಲಿ ಒಬ್ಬರು ‘ನನ್ನದೂ ಹಂಗೇ ಆಯ್ತು ಅಮ್ಮ’ ಅಂದರು. ಅತ್ತೆ ಯಾವಾಗ ಸಹಿ ಹಾಕಿದರು, ಯಾರು ಹಾಕಿಸಿದರು, ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ.

ಇದನ್ನು ಇಲ್ಲಿ ಹಾಕಲು ಕಾರಣ ಇದೆ. ನಮ್ಮ ಆಫೀಸಿನಲ್ಲಿ ಒಬ್ಬರು ‘ಹೆಂಗಸರಿಗೆ ಟಾಕ್ ಶೋ ಅಂದರೆ ಅಳುವುದಕ್ಕೆ ಒಂದು ನೆಪ’ ಅಂದರು. ನೆಪ ಹೌದೇನೋ. ಅಳುವುದಕ್ಕಲ್ಲ. ನಿಮ್ಮ ಮನೆಯಲ್ಲಿ ಹೇಗೆ ನೋಡುತ್ತಾರೆ, ಹೇಳಿ.

ಕೋಡಿಬಾಗದವಳು
ಶನಿವಾರ ರಾತ್ರಿ 10:15

ಅಕ್ಕ, ನಮ್ಮ ಆಯಿ, ಅಂದರೆ ಅಮ್ಮ, ಕೂಡ ಹಾಗೇ. ಆದರೆ ಕಾರವಾರದಲ್ಲಿ ಒಂದು ಗಮ್ಮತ್ತು ಇದೆ. ಶೋ ಕನ್ನಡದ್ದು, ಬೈಗುಳ ಕೊಂಕಣಿಯದ್ದು. ಹಿಂದಿ ಶೋ ಆದರೂ ಕೊಂಕಣಿಯಲ್ಲೇ ಉತ್ತರ. ಮರಾಠಿ ಚಾನೆಲ್ ಹಾಕಿದರೂ ಅದೇ. ಆಂಕರ್‌ಗೆ ಅರ್ಥವಾಗುತ್ತದೋ ಇಲ್ಲವೋ ಅನ್ನುವ ಚಿಂತೆ ಆಯಿಗೆ ಇಲ್ಲವೇ ಇಲ್ಲ.

ನನಗೆ ಚೆನ್ನಾಗಿ ನೆನಪಿರುವುದು ಅಮೀರ್ ಖಾನ್ ನಡೆಸಿದ 2012ರ ಹಿಂದಿ ಶೋ ಸತ್ಯಮೇವ ಜಯತೆ. ಮೇ 6, ಭಾನುವಾರ, ಬೆಳಿಗ್ಗೆ 11 ಗಂಟೆ. ಮೊದಲ ಕಂತು ಹೆಣ್ಣು ಭ್ರೂಣ ಹತ್ಯೆಯ ಬಗ್ಗೆ. ಭಾನುವಾರ ಅಂದರೆ ನಮ್ಮಲ್ಲಿ ಮೀನು ಬರಲೇಬೇಕು. ಆಯಿ ಬಂಗಡೆ ಕೊಯ್ದು, ಮಸಾಲೆ ಕಡೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ಕೂತಿದ್ದಳು. ತಮಿಳು, ತೆಲುಗಿನವರಿಗೆಲ್ಲ ಅವರವರ ಭಾಷೆಯಲ್ಲಿ ಬಂತು. ಕನ್ನಡ ಟಿವಿಯಲ್ಲಿ ಬರಲಿಲ್ಲ, ಆಗ ಇಲ್ಲಿ ಡಬ್ಬಿಂಗ್‌ಗೆ ವಿರೋಧ ಇತ್ತಲ್ವಾ. ಆಯಿಗೆ ಹಿಂದಿ ಅಷ್ಟಕ್ಕಷ್ಟೇ. ಪಕ್ಕದ ಮನೆಯ ವಹಿನಿಯ ಗಂಡ ನೇವಿಯಲ್ಲಿದ್ದರು, ಅವಳಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅವಳು ಕೊಂಕಣಿಯಲ್ಲಿ ಹೇಳುತ್ತಾ ಹೋದಳು. ನಮ್ಮ ಮನೆಯಲ್ಲಿ ಒಂಬತ್ತು ಜನ ಹೆಂಗಸರು. ಅಮೀರ್ ಖಾನ್ ಒಂದು ಮಾತು ಹೇಳಿದರೆ ವಹಿನಿ ಐದು ಹೇಳುತ್ತಿದ್ದಳು. ಅದರಲ್ಲಿ ಮೂರು ಅವಳ ನಾದಿನಿಯ ಕಥೆ.

ಸಾರು ಆವತ್ತು ಮಧ್ಯಾಹ್ನ ಎರಡೂವರೆಗೆ ಆಯಿತು. ಬಾಬಾ ಏನೂ ಅನ್ನಲಿಲ್ಲ, ಅದೇ ದೊಡ್ಡದು.

ಗೋಡಂಬಿ ಗಿಡ
ಶನಿವಾರ ರಾತ್ರಿ 10:21

ಎಲ್ಲಾ ಟೈಂಪಾಸ್ ಮಾರಾಯ್ರೆ. ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಎಲ್ಲಾ ಸ್ಕ್ರಿಪ್ಟೆಡ್. ಅವರು ದುಡ್ಡು ತೆಗೆದುಕೊಂಡು ಅಳುತ್ತಾರೆ, ನೀವು ಕೇಬಲ್‌ಗೆ ದುಡ್ಡು ಕೊಟ್ಟು ಅಳುತ್ತೀರಿ.

ಕುಮಟಾ ಹೊಲಿಗೆ ಮಷೀನು
ಶನಿವಾರ ರಾತ್ರಿ 10:24

ಗೋಡಂಬಿ ಅಣ್ಣಾ, ದಿನಾ ರಾತ್ರಿ ಒಂಬತ್ತಕ್ಕೆ ನ್ಯೂಸ್ ಚಾನೆಲ್‌ನಲ್ಲಿ ಆರು ಜನ ಗಂಡಸರು ಒಟ್ಟಿಗೆ ಕೂಗುವುದನ್ನು ನೋಡುತ್ತೀರಲ್ಲ, ಅದು ಯಾವ ಪಾಸು?

ಗೋಡಂಬಿ ಗಿಡ
ಶನಿವಾರ ರಾತ್ರಿ 10:25

ಅದು ರಾಜಕೀಯ.

ಕುಮಟಾ ಹೊಲಿಗೆ ಮಷೀನು
ಶನಿವಾರ ರಾತ್ರಿ 10:41

ಆಯಿತು ಬಿಡಿ. ನನ್ನ ಕಥೆ ಹೇಳುತ್ತೇನೆ.

ನಾನು ಟಿವಿ ಕಾರ್ಯಕ್ರಮಕ್ಕೆ ಫೋನ್ ಮಾಡಿದವಳು. ಸುಮಾರು ಇಪ್ಪತ್ತು ವರ್ಷದ ಹಿಂದೆ. ಡಾಕ್ಟರ್ ಕೂತು ಉತ್ತರ ಕೊಡುವ ಫೋನ್ ಇನ್. ಲೈನ್ ಸಿಗಲು ಅರ್ಧ ಗಂಟೆ ಡಯಲ್ ಮಾಡಿದೆ. ಸಿಕ್ಕಿದಾಗ ಎದೆ ಢವಢವ. ಹೆಸರು ಕೇಳಿದರು, ನನ್ನ ದೊಡ್ಡಮ್ಮನ ಮಗಳ ಹೆಸರು ಹೇಳಿದೆ. ಊರು ಕೇಳಿದರು, ಹೊನ್ನಾವರ ಅಂದೆ. ತಿಂಗಳ ಮುಟ್ಟಿನ ತೊಂದರೆ, ನನ್ನದೇ ಹೆಸರಲ್ಲಿ ಹೇಗೆ ಕೇಳುವುದು? ಇಲ್ಲಿನ ಡಾಕ್ಟರ್ ಹತ್ತಿರ ಹೋದರೆ ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಪರಿಚಯದವರು. ಯಾಕೆ ಬಂದೆ ಅಂತ ಕೇಳಿಯೇ ಬಿಡುತ್ತಾರೆ. ಇಡೀ ಕರ್ನಾಟಕದ ಎದುರು ಹೇಳುವುದು ಆ ಬೆಂಚಿನ ಎದುರು ಹೇಳುವುದಕ್ಕಿಂತ ಸುಲಭ ಅನ್ನಿಸಿತ್ತು ನನಗೆ.

ಆಂಕರ್ ಮೊದಲು ಹೇಳಿದ್ದು ‘ನಿಮ್ಮ ಟಿವಿ ವಾಲ್ಯೂಮ್ ಕಡಿಮೆ ಮಾಡಿ’ ಅಂತ. ಎಲ್ಲರಿಗೂ ಅದನ್ನೇ ಹೇಳುತ್ತಾರೆ. ನಮ್ಮ ಮಾತು ಬೆಂಗಳೂರಿಗೆ ಹೋಗಿ, ಅಲ್ಲಿಂದ 36 ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ಹೋಗಿ, ವಾಪಸ್ ನಮ್ಮ ಟಿವಿಗೆ ಬರುವಷ್ಟರಲ್ಲಿ ತಡವಾಗುತ್ತದೆ. ನನ್ನ ದನಿ ನನಗೇ ಹಿಂದಿನಿಂದ ಕೇಳಿತು. ಯಾರೋ ಬೇರೆ ಹೆಂಗಸು ನನ್ನ ತೊಂದರೆಯನ್ನು ಹೇಳಿಕೊಳ್ಳುತ್ತಿದ್ದ ಹಾಗೆ ಇತ್ತು. ವಾಲ್ಯೂಮ್ ಕಡಿಮೆ ಮಾಡಲಿಲ್ಲ, ಅದನ್ನೇ ಕೇಳುತ್ತಾ ನಿಂತುಬಿಟ್ಟೆ.

ಡಾಕ್ಟರ್ ಉತ್ತರ ಚೆನ್ನಾಗಿಯೇ ಕೊಟ್ಟರು. ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ನೋಡಿಸಿ ಅಂದರು. ಮರುದಿನ ಬಟ್ಟೆ ಕೊಡಲು ಬಂದ ಮೂರು ಜನ ‘ನಿನ್ನೆ ಟಿವಿಯಲ್ಲಿ ನಿನ್ನದೇ ದನಿ, ಹೊನ್ನಾವರಕ್ಕೆ ಯಾವಾಗ ಹೋದೆ?’ ಅಂದರು. ಒಬ್ಬಳು ಮಾತ್ರ ಎಲ್ಲರೂ ಹೋಗುವ ತನಕ ಕಾದು, ಡಾಕ್ಟರ್ ಹೇಳಿದ ಪರೀಕ್ಷೆಯ ಹೆಸರು ಬರೆಸಿಕೊಂಡು ಹೋದಳು.

ಜಗಲಿ ಕಟ್ಟೆ
ಭಾನುವಾರ ಬೆಳಿಗ್ಗೆ 7:30

ನಾನು ಗಂಡಸು, ನಡುವೆ ಬಾಯಿ ಹಾಕಬಹುದಾ? ತಾಳಮದ್ದಳೆ ಕೇಳುತ್ತಾ ಬೆಳೆದವನು. ಮೂಲ ಊರು ಸಿದ್ದಾಪುರದ ಕಡೆ.

ಶಿರಸಿ ಅಕ್ಕ ಹೇಳಿದ್ದನ್ನು ಓದುವಾಗ ನನ್ನ ಅಜ್ಜಿ ನೆನಪಾದಳು. ನಮ್ಮ ಮನೆಯಲ್ಲಿ ತಾಳಮದ್ದಳೆ ಆದಾಗ ಗಂಡಸರು ಜಗಲಿಯಲ್ಲಿ, ಹೆಂಗಸರು ಒಳಗೆ ಬಾಗಿಲ ಹಿಂದೆ. ವೇಷ ಇಲ್ಲ, ಕುಣಿತ ಇಲ್ಲ. ಬರೀ ಪದ್ಯ ಮತ್ತು ಮಾತು. ಒಳಗೆ ಕೂತವರಿಗೆ ಅರ್ಥಧಾರಿಯ, ಅಂದರೆ ಪಾತ್ರದ ಮಾತು ಆಡುವವನ, ಮುಖವೂ ಕಾಣಿಸುತ್ತಿರಲಿಲ್ಲ. ಆದರೆ ಯಾರು ಎಲ್ಲಿ ತಪ್ಪಿಸಿಕೊಂಡ, ಯಾರು ಎದುರಿನವನ ಪ್ರಶ್ನೆಯನ್ನು ನುಂಗಿದ, ಎಲ್ಲವೂ ಗೊತ್ತಾಗುತ್ತಿತ್ತು. ವಾಲಿವಧೆ ಮುಗಿದು ಬೆಳಗಿನ ಚಹಾ ಕೊಡುವಾಗ ಅಜ್ಜಿ ರಾಮನ ಅರ್ಥ ಹೇಳಿದವರಿಗೆ ನೇರವಾಗಿ ಹೇಳಿದ್ದಳಂತೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ವಾಲಿ ಕೇಳಿದನಲ್ಲ, ನೀವು ಬೇರೆ ಎಲ್ಲದಕ್ಕೂ ಉತ್ತರ ಕೊಟ್ಟಿರಿ.

ಅದೇ ಕಿವಿ ಈಗ ಟಿವಿಯ ಮುಂದೆ ಕೂತಿದೆ. ಅಳಲು ಬಂದ ಕಿವಿ ಅಲ್ಲ ಅದು.

ಇನ್ನೊಂದು ಮಾತು. ತಾಳಮದ್ದಳೆಯಲ್ಲಿ ಕೊನೆಯ ಅಧಿಕಾರ ಪದ್ಯ ಹಾಡುವ ಭಾಗವತರದ್ದು. ಅರ್ಥಧಾರಿ ಎಳೆಯುತ್ತಾ ಹೋದರೆ ಅವರು ಮುಂದಿನ ಪದ್ಯ ಎತ್ತಿಬಿಡುತ್ತಾರೆ, ಮಾತು ಅಲ್ಲಿಗೆ ನಿಂತಿತು. ಟಿವಿಯಲ್ಲಿ ಆ ಕೆಲಸ ಆಂಕರ್‌ದು, ಅವರ ಕೈಯಲ್ಲಿ ಬ್ರೇಕ್ ಇದೆ. ಒಳ್ಳೆಯ ಭಾಗವತರು ಮಾತು ಮುಗಿದ ಜಾಗ ನೋಡಿ ಪದ್ಯ ಎತ್ತುತ್ತಾರೆ. ಇವರು ಮಾತು ಶುರುವಾಗುವ ಜಾಗ ನೋಡಿ ಬ್ರೇಕ್ ತೆಗೆದುಕೊಳ್ಳುತ್ತಾರೆ.

ಎಡಿಟ್ ಟೇಬಲ್
ಭಾನುವಾರ ಬೆಳಿಗ್ಗೆ 9:05

ಜಗಲಿ ಕಟ್ಟೆಯವರೇ, ಆ ಬ್ರೇಕ್ ಆಂಕರ್ ಕೈಯಲ್ಲಿ ಇಲ್ಲ. ನಮ್ಮಂಥವರ ಕೈಯಲ್ಲಿ ಇತ್ತು. ಭಟ್ಕಳದವಳು, ಬೆಂಗಳೂರಿನಲ್ಲಿ ಎಂಟು ವರ್ಷ ಎಡಿಟಿಂಗ್ ಮಾಡಿದ್ದೇನೆ. ಚಾನೆಲ್ ಹೆಸರು ಕೇಳಬೇಡಿ.

ಗೋಡಂಬಿಯವರು ‘ಎಲ್ಲಾ ಸ್ಕ್ರಿಪ್ಟೆಡ್’ ಅಂದರಲ್ಲ, ಅದು ಅರ್ಧ ಸತ್ಯ. ನಾನು ಕೆಲಸ ಮಾಡಿದ ಕಡೆ ಬರೆದುಕೊಟ್ಟ ಮಾತು ತೀರಾ ಕಡಿಮೆ. ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಎರಡೂವರೆ ಗಂಟೆ ಶೂಟ್ ಮಾಡಿ ನಲವತ್ತು ನಿಮಿಷ ಇಟ್ಟುಕೊಂಡರೆ ಕಥೆ ಕತ್ತರಿಯಲ್ಲೇ ಹುಟ್ಟುತ್ತದೆ. ಮುಂದೆ ಕೂತ ಪ್ರೇಕ್ಷಕರು ಕಣ್ಣೊರೆಸಿಕೊಳ್ಳುವ ದೃಶ್ಯ ಇದೆಯಲ್ಲ, ಅವರು ಯಾವ ಮಾತಿಗೆ ಕಣ್ಣೊರೆಸಿಕೊಂಡರು ಅನ್ನುವುದು ನಮಗೆ ಮಾತ್ರ ಗೊತ್ತು. ಒಮ್ಮೆ ಒಬ್ಬ ಅಜ್ಜಿ ಎಸಿ ಗಾಳಿಗೆ ಕಣ್ಣು ಒರೆಸಿಕೊಂಡದ್ದನ್ನು ಬೇರೆಲ್ಲೋ ಜೋಡಿಸಿದ್ದೆ. ಹೇಳಿಕೊಳ್ಳುವ ವಿಷಯವಲ್ಲ, ಆದರೂ ಹೇಳಿದೆ.

ಪ್ರೇಕ್ಷಕರು ಬಂದು ಹೋಗುವ ಬೊಂಬೆಗಳಲ್ಲ ಅನ್ನುವುದು ಈ ಶೋಗಳು ಶುರುವಾದಾಗಲೇ ಗೊತ್ತಾಗಿತ್ತು. 1967ರಲ್ಲಿ ಅಮೆರಿಕದ ಓಹಿಯೊ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಫಿಲ್ ಡೊನಾಹ್ಯೂ ಹಗಲು ಹೊತ್ತಿನ ಶೋ ಶುರು ಮಾಡಿದ. ಸ್ಟುಡಿಯೋದಲ್ಲಿ ಕೂತವರು ಹೆಚ್ಚಾಗಿ ಗೃಹಿಣಿಯರು. ಜಾಹೀರಾತು ಬಂದಾಗ ಅವರು ಅತಿಥಿಗೆ ಪ್ರಶ್ನೆ ಕೇಳುತ್ತಿದ್ದರು. ತನ್ನ ಪ್ರಶ್ನೆಗಳಿಗಿಂತ ಅವೇ ಚೆನ್ನಾಗಿವೆ ಅಂತ ಅವನಿಗೆ ಹೊಳೆಯಿತು. ಆಮೇಲೆ ಮೈಕ್ ಹಿಡಿದು ಅವರ ನಡುವೆಯೇ ಓಡಾಡಲು ಶುರು ಮಾಡಿದ. 1986ರಿಂದ 2011ರವರೆಗೆ ನಡೆದ ಓಪ್ರಾ ವಿನ್‌ಫ್ರೀ ಶೋ ಬೆಳೆದದ್ದು ಆ ದಾರಿಯಲ್ಲೇ. ಅಂದರೆ ಮೈಕ್ ಹೆಂಗಸರ ಕೈಗೆ ಹೋದದ್ದು ಯಾರದ್ದೋ ಉದಾರತೆಯಿಂದ ಅಲ್ಲ. ಬ್ರೇಕ್‌ನಲ್ಲಿ ಅವರು ಸುಮ್ಮನೆ ಕೂರಲಿಲ್ಲ, ಅದಕ್ಕೇ.

ಇನ್ನು ಟಿಆರ್‌ಪಿ. ಯಾರು ಏನು ನೋಡುತ್ತಾರೆ ಅಂತ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯವರ ಮೀಟರ್ ಇರುವ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಟನ್. ಟಿವಿ ಮುಂದೆ ಕೂತಾಗ ಅವರವರ ಬಟನ್ ಒತ್ತಬೇಕು. ಗಂಡಸೋ ಹೆಂಗಸೋ, ವಯಸ್ಸೆಷ್ಟು, ಎಷ್ಟು ನಿಮಿಷ ಕೂತರು, ಎಲ್ಲಾ ಲೆಕ್ಕ ಸಿಗುತ್ತದೆ. ಬಟನ್ ಒತ್ತಿದವರು ಅತ್ತರೋ ಬೈದರೋ ಮೀಟರಿಗೆ ಗೊತ್ತಾಗುವುದಿಲ್ಲ. ಶಿರಸಿಯವರ ಅತ್ತೆ ಕೊಟ್ಟ ಉತ್ತರ ನಮ್ಮ ಆಫೀಸಿಗೆ ಬಂದಿದ್ದರೆ ನಲವತ್ತು ನಿಮಿಷದ ಒಂದು ನೋಟ ಅಂತ ಬರುತ್ತಿತ್ತು, ಅಷ್ಟೇ.

ಕೋಡಿಬಾಗದವಳು
ಭಾನುವಾರ ಬೆಳಿಗ್ಗೆ 9:20

ಆ ಎಸಿ ಅಜ್ಜಿ! ಪಾಪ, ಅವರ ಮನೆಯಲ್ಲಿ ಆಮೇಲೆ ಎಷ್ಟು ಜನ ಕೇಳಿದರೋ ‘ಯಾಕಮ್ಮ ಅತ್ತಿದ್ದು’ ಅಂತ.

ಅಂಕೋಲೆ ಬಸ್‌ಸ್ಟ್ಯಾಂಡ್
ಭಾನುವಾರ ಮಧ್ಯಾಹ್ನ 2:10

ನಗುತ್ತಾ ಓದುತ್ತಿದ್ದೆ, ಈಗ ಆಗುತ್ತಿಲ್ಲ. ನಮ್ಮ ಹತ್ತಿರದ ಸಂಬಂಧದ ಹುಡುಗಿಯೊಬ್ಬಳು ಅಂಥ ಒಂದು ಪಂಚಾಯ್ತಿ ಶೋಗೆ ಹೋಗಿದ್ದಳು. ಯಾವ ಶೋ, ಯಾವ ಚಾನೆಲ್ ಅಂತ ಹೇಳುವುದಿಲ್ಲ.

ಗಂಡ ಬಿಟ್ಟು ಹೋಗಿದ್ದ. ಸ್ಟೇಷನ್ನಿಗೆ ಎರಡು ಸಲ ಹೋಗಿ ಬಂದಿದ್ದಳು. ಚಾನೆಲ್‌ನವರೇ ಫೋನ್ ಮಾಡಿ, ಬಸ್ ಚಾರ್ಜ್ ಕೊಟ್ಟು, ಲಾಡ್ಜ್ ಮಾಡಿಸಿ ಕರೆಸಿಕೊಂಡರು. ಗಂಡನನ್ನೂ ಕರೆಸುತ್ತೇವೆ, ನಿಮ್ಮ ವಿಷಯ ಮುಗಿಸಿ ಕೊಡುತ್ತೇವೆ ಅಂದಿದ್ದರು. ಗಂಡ ಬಂದ. ಬಂದು ಅವಳ ಬಗ್ಗೆ ಏನೇನೋ ಹೇಳಿದ. ಅವಳು ಅದಕ್ಕೆ ಕೊಟ್ಟ ಉತ್ತರ ಟಿವಿಯಲ್ಲಿ ಬರಲೇ ಇಲ್ಲ. ಅವನು ಹೇಳಿದ್ದು ಮಾತ್ರ ಬಂತು, ಪ್ರೋಮೋದಲ್ಲಿ ಎರಡು ದಿನ ಹೆಚ್ಚಿಗೆ ಬಂತು. ಎಡಿಟ್ ಟೇಬಲ್ ಅಕ್ಕ, ಯಾಕೆ ಅಂತ ನಿಮಗೆ ಗೊತ್ತಿರಬೇಕು.

ಅವಳು ಈಗ ಗೋವಾದಲ್ಲಿ ಕೆಲಸ ಮಾಡುತ್ತಾಳೆ. ಊರ ಜಾತ್ರೆಗೂ ಬರುವುದಿಲ್ಲ. ಆ ಕಂತು ಇನ್ನೂ ಯೂಟ್ಯೂಬ್‌ನಲ್ಲಿ ಇದೆ. ವರ್ಷಕ್ಕೊಮ್ಮೆ ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಕಳಿಸುವವರಲ್ಲಿ ಹೆಂಗಸರೂ ಇದ್ದಾರೆ, ಅದನ್ನೂ ಬರೆಯಲೇಬೇಕು. ನಿಮ್ಮ ಅತ್ತೆ ಟಿವಿಯ ಹುಡುಗಿಗೆ ಒಳ್ಳೆಯ ಮಾತು ಹೇಳಿದರು ಅಕ್ಕ. ನಮ್ಮ ಕೇರಿಯಲ್ಲಿ ನಮ್ಮ ಹುಡುಗಿಗೆ ಹೇಳಿದ ಮಾತು ಬೇರೆ ಥರದ್ದು.

ಎಡಿಟ್ ಟೇಬಲ್
ಭಾನುವಾರ ಮಧ್ಯಾಹ್ನ 2:48

ಗೊತ್ತು. ಯಾಕೆ ಅಂತ ಗೊತ್ತು. ಆ ಕೆಲಸ ಬಿಟ್ಟದ್ದು ಅದಕ್ಕೇ ಅಂತ ಹೇಳಿದರೆ ಸುಳ್ಳಾಗುತ್ತದೆ, ಮಗು ಆಯಿತು ಅಂತ ಬಿಟ್ಟೆ. ಆದರೆ ಗೊತ್ತು.

ಒಂದು ಉಪಯೋಗದ ಮಾತು ಹೇಳಬಹುದು. 2021ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿ ಬಂದಿದೆ. ಪ್ರಸಾರವಾದದ್ದರ ಬಗ್ಗೆ ದೂರು ಇದ್ದರೆ ಮೊದಲು ಚಾನೆಲ್‌ಗೇ ಬರೆಯಬೇಕು. ಅವರು 15 ದಿನದ ಒಳಗೆ ಉತ್ತರ ಕೊಡಬೇಕು. ಸಮಾಧಾನ ಆಗದಿದ್ದರೆ ಅದರ ಮೇಲಿನ ಹಂತಕ್ಕೆ ಹೋಗಬಹುದು. ಇಮೇಲ್ ಮಾಡಿದರೂ ನಡೆಯುತ್ತದೆ. ಹಳೆಯದಕ್ಕೆ ಎಷ್ಟು ಪ್ರಯೋಜನವೋ, ಮುಂದೆ ಯಾರಿಗಾದರೂ ಬೇಕಾದೀತು.

ಕೋರ್ಟ್ ಕಟ್ಟೆ
ಭಾನುವಾರ ಸಂಜೆ 6:35

ನಾನು ಶಿರಸಿಯಲ್ಲಿ ಕಾನೂನು ಸೇವೆಯ ಸ್ವಯಂಸೇವಕಿ. ಅಂಕೋಲೆಯವರ ಮಾತು ಓದಿ ಬರೆಯುತ್ತಿದ್ದೇನೆ.

ಗಂಡ ಹೆಂಡತಿಯ ಜಗಳ ಕುಟುಂಬ ನ್ಯಾಯಾಲಯಕ್ಕೆ ಹೋದರೆ, ಇಬ್ಬರಲ್ಲಿ ಒಬ್ಬರು ಕೇಳಿದರೂ ಸಾಕು, ಬಾಗಿಲು ಮುಚ್ಚಿ ವಿಚಾರಣೆ ನಡೆಸಬೇಕು. 1984ರ ಕಾಯ್ದೆಯಲ್ಲೇ ಹಾಗೆ ಇದೆ. ಟಿವಿಯಲ್ಲಿ ಅದೇ ಜಗಳಕ್ಕೆ ಬಾಗಿಲು, ಕಿಟಕಿ, ಹಂಚು ಎಲ್ಲಾ ತೆಗೆದಿಟ್ಟಿರುತ್ತಾರೆ. ಅಲ್ಲಿ ಕೂತವರು ಜಡ್ಜ್ ಅಲ್ಲ. ಅವರು ಹೇಳಿದ್ದಕ್ಕೆ ಕಾನೂನಿನ ಬಲ ಇಲ್ಲ. ತಮಿಳಿನ ‘ಸೊಲ್ವದೆಲ್ಲಾಂ ಉಣ್ಮೈ’ ಅನ್ನುವ ಇಂಥದ್ದೇ ಶೋಗೆ 2018ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಡೆ ಕೊಟ್ಟಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಹತ್ತಿರ ಬರುವ ಹೆಂಗಸರಲ್ಲಿ ಎಷ್ಟೋ ಜನ ಮೊದಲ ಮಾತೇ ‘ಟಿವಿಯಲ್ಲಿ ನೋಡಿದೆ’ ಅಂತ ಶುರು ಮಾಡುತ್ತಾರೆ. ಜೀ ಕನ್ನಡದಲ್ಲಿ ಮಾಳವಿಕಾ ಅವರು ಬದುಕು ಜಟಕಾ ಬಂಡಿ ಅನ್ನುವ ಇಂಥದ್ದೇ ಶೋ ನಡೆಸಿಕೊಡುತ್ತಿದ್ದ ಕಾಲದಿಂದ ಇದನ್ನು ನೋಡುತ್ತಿದ್ದೇನೆ. ಹೊಡೆಯುವುದು ಮಾತ್ರ ಹಿಂಸೆ ಅಲ್ಲ, ದುಡ್ಡು ಕೊಡದೆ ಇರುವುದು, ದಿನಾ ಅವಮಾನ ಮಾಡುವುದೂ ಹಿಂಸೆ ಅಂತ 2005ರ ಕೌಟುಂಬಿಕ ಹಿಂಸೆಯ ಕಾಯ್ದೆ ಹೇಳುತ್ತದೆ. ನಾವು ಶಿಬಿರ ಮಾಡಿ, ಪಾಂಪ್ಲೆಟ್ ಹಂಚಿ ಹೇಳಿದರೆ ತಲೆ ಆಡಿಸಿ ಮನೆಗೆ ಹೋಗುತ್ತಾರೆ. ಟಿವಿಯಲ್ಲಿ ಒಬ್ಬಳು ತನ್ನ ಬಾಯಲ್ಲಿ ಹೇಳಿದ್ದನ್ನು ಕೇಳಿದವರು ಬಸ್ ಹತ್ತಿ ಬರುತ್ತಾರೆ. ಬಂದವರೂ ಮೊದಲು ತಮ್ಮದು ಅಂತ ಹೇಳುವುದಿಲ್ಲ. ‘ಟಿವಿಯ ಆ ಹೆಂಗಸಿಗೆ ಆದ ಹಾಗೆ ನಮ್ಮ ಪಕ್ಕದ ಮನೆಯವರಿಗೆ ಆಗಿದೆ’ ಅನ್ನುತ್ತಾರೆ. ಮೂರನೇ ಸಲ ಬಂದಾಗ ಪಕ್ಕದ ಮನೆ ಅವರದ್ದೇ ಅಂತ ಗೊತ್ತಾಗುತ್ತದೆ. ಅಷ್ಟು ಹೊತ್ತು ನಾವು ಕಾಯುತ್ತೇವೆ.

ಯಾರಿಗಾದರೂ ಬೇಕಾದರೆ: ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟಿದೆ ಅಂತ ನೋಡುವುದಿಲ್ಲ. ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನ್ 15100. ಮಹಿಳಾ ಸಹಾಯವಾಣಿ 181.

ಶಿರಸಿ ಸೊಸೆ
ಭಾನುವಾರ ರಾತ್ರಿ 8:12

ಕೋರ್ಟ್ ಕಟ್ಟೆ ಅಕ್ಕ, ಒಂದು ಪ್ರಶ್ನೆ. ನಮ್ಮ ಅತ್ತೆ ಸಹಿ ಹಾಕಿದ್ದು 1998ರ ಸುಮಾರಿಗೆ ಅಂತೆ, ಅಷ್ಟು ಮಾತ್ರ ಹೊರಗೆ ಬಂತು. ಈಗ ಏನಾದರೂ ಆಗುತ್ತದಾ? ಅವರು ಕೇಳಿಲ್ಲ. ನಾನೇ ಕೇಳುತ್ತಿದ್ದೇನೆ.

ಕೋರ್ಟ್ ಕಟ್ಟೆ
ಭಾನುವಾರ ರಾತ್ರಿ 8:40

ಕಾಗದ ನೋಡದೆ ಹೇಳಬಾರದು ತಂಗಿ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಆಯಿತು, ಆದರೆ ಅದಕ್ಕಿಂತ ಮೊದಲೇ ಮದುವೆ ಆದವರನ್ನು ಹೊರಗಿಟ್ಟರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ತಂದೆ ಆಗ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಿದ್ದರೆ ಅದನ್ನು ಬಿಡಿಸುವುದು ಕಷ್ಟ. ಬಹಳ ಕಷ್ಟ. ಕಾಗದ ಸಿಕ್ಕಿದರೆ ತನ್ನಿ, ವಕೀಲರಿಗೆ ತೋರಿಸೋಣ. ಅತ್ತೆಗೆ ಇಷ್ಟ ಇದ್ದರೆ ಮಾತ್ರ.

ಬೀಚಿನ ಮರಳು
ಭಾನುವಾರ ರಾತ್ರಿ 9:01

ನಾನು ಕಾಲೇಜು ಹುಡುಗಿ, ಕಾರವಾರ. ನಾವು ಟಿವಿ ಹಾಕುವುದೇ ಇಲ್ಲ, ಎಲ್ಲಾ ತುಂಡು ತುಂಡು ರೀಲ್ಸ್. ವೀಕೆಂಡ್ ವಿತ್ ರಮೇಶ್ ಐದನೇ ಸೀಸನ್ 2023ರಲ್ಲಿ ರಮ್ಯಾ ಅವರಿಂದ ಶುರುವಾಯಿತಲ್ಲ, ಅವರು ಇಂಗ್ಲಿಷ್ ಜಾಸ್ತಿ ಮಾತಾಡಿದರು ಅಂತ ಗಲಾಟೆ ಆಯಿತು. ನಾನು ಇಡೀ ಕಂತು ನೋಡದೆ ಕಾಮೆಂಟಿನಲ್ಲಿ ಜಗಳ ಆಡಿದೆ. ಅಮ್ಮ ಇಡೀ ಕಂತು ನೋಡಿದಳು, ಎಲ್ಲೂ ಒಂದು ಅಕ್ಷರ ಬರೆಯಲಿಲ್ಲ. ಅಪ್ಪನ ಬಗ್ಗೆ ಮಾತು ಬಂದಾಗ ಆ ಹುಡುಗಿ ದನಿ ಹೇಗಾಯ್ತು ನೋಡಿದೆಯಾ ಅಂತ ನನ್ನನ್ನು ಕೇಳಿದಳು. ನಾನು ನೋಡಿರಲಿಲ್ಲ.

ಯಾರ ನೋಟ ಸರಿ ಅಂತ ನನಗೆ ಗೊತ್ತಿಲ್ಲ. ಸುಮ್ನೆ ಹೇಳಿದೆ.

ಕುಮಟಾ ಹೊಲಿಗೆ ಮಷೀನು
ಭಾನುವಾರ ರಾತ್ರಿ 9:18

ವೀಕೆಂಡ್ ವಿತ್ ರಮೇಶ್ ಮಾತು ಬಂತಲ್ಲ, ಸಾಧಕರ ಕುರ್ಚಿಯಲ್ಲಿ ಗಂಡಸು ಕೂತಾಗ ನಾನು ಕಾಯುವುದು ಅವರ ಹೆಂಡತಿ ಬರುವುದಕ್ಕೆ. ಅವರು ಬಂದು ಸೋಫಾದಲ್ಲಿ ಕೂತು ನಾಲ್ಕು ಮಾತು ಹೇಳುತ್ತಾರೆ. ‘ಇವರು ಮನೆಯಲ್ಲಿ ಇರುತ್ತಲೇ ಇರಲಿಲ್ಲ’ ಅನ್ನುತ್ತಾರೆ, ಎಲ್ಲರೂ ನಗುತ್ತಾರೆ, ಚಪ್ಪಾಳೆ. ನಾನು ಮಷೀನು ನಿಲ್ಲಿಸಿ ಕೇಳುವುದು ಅದೊಂದೇ ವಾಕ್ಯ. ಮನೆಯಲ್ಲಿ ಇರಲಿಲ್ಲ ಅಂದರೆ ಆ ಮಕ್ಕಳ ಜ್ವರ, ಸ್ಕೂಲು, ಮಾವನ ಔಷಧಿ ಎಲ್ಲಾ ಯಾರದ್ದು? ಆ ಪ್ರಶ್ನೆ ಕೇಳುವ ಹೊತ್ತಿಗೆ ಅವರ ಬಾಲ್ಯದ ಗೆಳೆಯ ಬಂದಿರುತ್ತಾನೆ.

ಶೋ ನನಗೆ ಇಷ್ಟ, ತಪ್ಪು ತಿಳಿಯಬೇಡಿ. ರಮೇಶ್ ಅರವಿಂದ್ ಎದುರಿನವರ ಮಾತನ್ನು ಪೂರ್ತಿ ಕೇಳುತ್ತಾರೆ. ಆಂಕರ್‌ಗಳಲ್ಲಿ ಅದು ಅಪರೂಪ. ಹಳೇ ಮೇಷ್ಟ್ರು ಬಂದಾಗ ನಾನೂ ಅತ್ತಿದ್ದೇನೆ.

ಹೊನ್ನಳ್ಳಿ ದಾರಿ
ಸೋಮವಾರ ಬೆಳಿಗ್ಗೆ 6:50

ಅಂಕೋಲೆ ಕಡೆಯ ಹಾಲಕ್ಕಿ ಸಮುದಾಯದವಳು ನಾನು. ನಮ್ಮ ಜನ ಟಿವಿಯಲ್ಲಿ ಬಂದಾಗ ನಮ್ಮವರು ಹೇಗೆ ನೋಡುತ್ತಾರೆ ಅಂತ ಹೇಳಬೇಕು ಅನ್ನಿಸಿತು.

ನಮ್ಮ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ನಮಗೆ ಸುಕ್ರಜ್ಜಿ, ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಗಿಡ ಬೆಳೆಸಿದ ತುಳಸಿ ಗೌಡ, ನಮ್ಮ ತುಳಸಜ್ಜಿ, 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡರು. ಇಬ್ಬರೂ ಈಗ ಇಲ್ಲ. ಆಗ ಕ್ಯಾಮೆರಾ ಹಿಡಿದು ಬಂದವರಿಗೆ ಲೆಕ್ಕ ಇಲ್ಲ. ನಮ್ಮ ಕೊಪ್ಪದಲ್ಲಿ, ಅಂದರೆ ಕೇರಿಯಲ್ಲಿ, ಹೆಂಗಸರೆಲ್ಲ ಸೇರಿ ಟಿವಿ ನೋಡುತ್ತಿದ್ದರು. ಎಲ್ಲರ ಪ್ರಶ್ನೆಯೂ ಒಂದೇ: ಮಣಿಸರ ಎಷ್ಟು ಭಾರ? ಸೀರೆ ಯಾಕೆ ಹೀಗೆ ಉಡುತ್ತೀರಿ? ಒಂದು ಹಾಡು ಹಾಡಿ. ಸುಕ್ರಜ್ಜಿ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತವರು. ಆ ಮಾತು ಬಂದಾಗ ನಮ್ಮವರು ಕಿವಿ ಕೊಟ್ಟು ಕೂರುತ್ತಿದ್ದರು, ಯಾಕೆಂದರೆ ಅದು ಎಲ್ಲರ ಮನೆಯ ವಿಷಯ. ಅಷ್ಟರಲ್ಲಿ ಮತ್ತೆ ಹಾಡು.

ನನ್ನ ಅವ್ವಿ ಹಾಡಿಗೆ ದನಿ ಸೇರಿಸುತ್ತಿರಲಿಲ್ಲ. ಹಾಡು ಮುಗಿಯಲಿ ಅಂತ ಕಾಯುತ್ತಿದ್ದಳು. ಸಾರಾಯಿ ಮಾತು ಮತ್ತೆ ಬರುತ್ತದಾ ಅಂತ.

ಜಗಲಿ ಕಟ್ಟೆ
ಸೋಮವಾರ ಬೆಳಿಗ್ಗೆ 8:05

ಹೊನ್ನಳ್ಳಿ ದಾರಿಯವರೇ, ನಿಮ್ಮ ಮಾತನ್ನು ಎರಡು ಸಲ ಓದಿದೆ.

ಗೋಡಂಬಿ ಗಿಡ
ಸೋಮವಾರ ಮಧ್ಯಾಹ್ನ 1:30

ನಿನ್ನೆ ಮನೆಯಲ್ಲಿ ಹೆಂಡತಿ ಹತ್ತಿರ ಈ ಚರ್ಚೆ ಓದಿ ಹೇಳಿದೆ. ‘ನೀನು ಟಿವಿಗೆ ಏನಾದರೂ ಉತ್ತರ ಕೊಡುತ್ತೀಯಾ’ ಅಂತ ಕೇಳಿದೆ. ‘ಕೊಡುತ್ತೇನೆ, ನೀವು ಮನೆಯಲ್ಲಿ ಇಲ್ಲದಾಗ’ ಅಂದಳು. ಏನು ಉತ್ತರ ಅಂತ ಕೇಳಿದೆ. ಒಗ್ಗರಣೆ ಹಾಕಲು ಎದ್ದು ಹೋದಳು.

ಮೊದಲು ಬರೆದದ್ದನ್ನು ಅಳಿಸುವುದಿಲ್ಲ, ಇರಲಿ. ಆದರೆ ಪಾಯಿಂಟ್ ಬಂತು ಅಂತ ಒಪ್ಪುತ್ತೇನೆ.

ಕುಮಟಾ ಹೊಲಿಗೆ ಮಷೀನು
ಸೋಮವಾರ ಮಧ್ಯಾಹ್ನ 1:34

ಅಣ್ಣಾ, ಇವತ್ತು ಬೇಗ ಮನೆಗೆ ಹೋಗಬೇಡಿ. ಅತ್ತಿಗೆಗೆ ಶೋ ಇರುತ್ತದೆ.

ಶಿರಸಿ ಸೊಸೆ
ಸೋಮವಾರ ರಾತ್ರಿ 9:15

ಎಲ್ಲರಿಗೂ ಉತ್ತರ ಬರೆಯಲು ಆಗಲಿಲ್ಲ, ಕೈ ತುಂಬಾ ಅಡಿಕೆ ಚೊಗರು. ಮೊಬೈಲ್ ಮುಟ್ಟಿದರೆ ಅದೂ ಕಪ್ಪಾಗುತ್ತದೆ.

ಅತ್ತೆಗೆ ಕಾಗದದ ವಿಷಯ ಹೇಳಿದೆ. ಕೋರ್ಟು, ವಕೀಲರು, 2005, 2020 ಎಲ್ಲಾ ಹೇಳಿದೆ. ಪೂರ್ತಿ ಕೇಳಿದರು. ಬೇಡ ಅಂದರು. ಅಣ್ಣನೂ ಹೋದ, ಅತ್ತಿಗೆಯೂ ಹೋದಳು, ಇನ್ನು ಆ ಮಕ್ಕಳ ಹತ್ತಿರ ಏನು ಕೇಳುವುದು ಅಂದರು. ನಾನು ಮತ್ತೆ ಒತ್ತಾಯ ಮಾಡಲಿಲ್ಲ.

ಆದರೆ ಅವರಿಗೆ ಬೇರೆಯೇ ಒಂದು ಚಿಂತೆ. ಆ ಟಿವಿಯ ಹುಡುಗಿ ಕಡೆಗೆ ಸಹಿ ಹಾಕಿದಳಾ ಇಲ್ಲವಾ? ಕರೆಂಟ್ ಹೋಯಿತಲ್ಲ, ನಮಗೆ ಗೊತ್ತಾಗಲಿಲ್ಲ. ಮೂರು ದಿನದಿಂದ ಇದೇ ಪ್ರಶ್ನೆ. ಕಳೆದ ಗುರುವಾರ ರಾತ್ರಿ ಎಂಟೂವರೆ ಸುಮಾರಿಗೆ ಬಂದ ಕಂತು. ಹುಡುಗಿ ಹಸಿರು ಸೀರೆ ಉಟ್ಟಿದ್ದಳು. ಯಾರಾದರೂ ನೋಡಿದ್ದೀರಾ?

ಕೋಡಿಬಾಗದವಳು
ಸೋಮವಾರ ರಾತ್ರಿ 9:22

ನಮ್ಮಲ್ಲಿ ಕರೆಂಟ್ ಇತ್ತು ಅಕ್ಕ, ಆದರೆ ಆಯಿ ಮರಾಠಿ ಹಾಕಿದ್ದಳು.

ಅಂಕೋಲೆ ಬಸ್‌ಸ್ಟ್ಯಾಂಡ್
ಸೋಮವಾರ ರಾತ್ರಿ 9:40

ಯೂಟ್ಯೂಬ್‌ನಲ್ಲಿ ಹುಡುಕಿದೆ. ಮೊದಲ ಭಾಗ ಇದೆ, ಹಸಿರು ಸೀರೆ ಹೌದು. ಎರಡನೇ ಭಾಗ ಸಿಗಲಿಲ್ಲ. ತೆಗೆಸಿದ್ದಾರೋ ಏನೋ. ಆ ಹುಡುಗಿಯೇ ತೆಗೆಸಿರಲಿ ದೇವರೇ.

ಎಡಿಟ್ ಟೇಬಲ್
ಸೋಮವಾರ ರಾತ್ರಿ 9:55

ಸಹಿ ಹಾಕಲಿಲ್ಲ ಅಂತ ಹೇಳಿಬಿಡಿ. ನಾನು ಎಷ್ಟೋ ಕಥೆಗಳ ಕೊನೆ ಬದಲಾಯಿಸಿದ್ದೇನೆ. ಇದೊಂದು ಬೇಕಾದರೆ ನನ್ನ ಲೆಕ್ಕಕ್ಕೆ ಇರಲಿ.

ಶಿರಸಿ ಸೊಸೆ
ಸೋಮವಾರ ರಾತ್ರಿ 10:30

ಹೇಳಿದೆ. ಹಾಕಲಿಲ್ಲವಂತೆ ಅತ್ತೆ, ಅಂದೆ.

ಅತ್ತೆ ತಲೆ ಎತ್ತಿ ನನ್ನ ಮುಖ ನೋಡಿದರು. ‘ಸುಳ್ಳು ಹೇಳಡ’ ಅಂದರು. ಆಮೇಲೆ ಇನ್ನೊಂದು ಅಡಿಕೆ ತೆಗೆದುಕೊಂಡರು.